ಇನ್ನೊಂದು ಕಟ್ಟು

ಇಲ್ಲ, ಆ ಮಾತು ಆಡಿದ್ದು ನನ್ನ ಗಂಡನೇ ಎಂದು ಇಷ್ಟು ಕಾಲ ನಂಬಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಮಾತು ಕೇಳಿಸುತ್ತದೆ, ಆಡಿದ ಬಾಯಿ ಕಾಣಿಸುವುದಿಲ್ಲ.

ಕೈ ಮುರಿದದ್ದಂತೂ ನಿಜ. ಸಿರುಗುಪ್ಪದ ತವರಿನಿಂದ ಬಳ್ಳಾರಿಗೆ ಸ್ಕೂಟರಿನಲ್ಲಿ ಬರುವಾಗ, ಅರ್ಧ ರಸ್ತೆಗೆ ಒಣಹಾಕಿದ್ದ ಭತ್ತದ ಮೇಲೆ ಚಕ್ರ ಜಾರಿತು. ಬಲ ಮೊಣಕೈ. ಗಂಡ ಕುರುಗೋಡಿನವನು. ಅವನ ಊರಿನಲ್ಲಿ ಮೂಳೆ ಕಟ್ಟುವ ಮುದುಕರೊಬ್ಬರಿದ್ದರು, ಅಲ್ಲಿಗೇ ಕರೆದೊಯ್ದ. ಮೊಟ್ಟೆಯ ಬಿಳಿ ಸವರಿ, ಬಿದಿರಿನ ಸೀಳು ಇಟ್ಟು, ಬಟ್ಟೆ ಬಿಗಿದರು.

ಬಳ್ಳಾರಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು. ಮದುಮಗಳ ಜಡೆ ಹೆಣೆಯುವುದಕ್ಕೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮದುವೆಗಳು ಶುರುವಾಗುವುದರೊಳಗೆ ಕೈ ಮರಳಬೇಕು, ನನಗೆ ಬೇಕಾಗಿದ್ದು ಅದೊಂದೇ. ಹಾಗೆಂದು ಬರೆದಿದ್ದೇನೆ, ಇರಲಿ.

ನಾನು ಗಟ್ಟಿಯಾಗಿದ್ದಾಗ ನನ್ನೊಡನೆ ಏನು ಮಾತಾಡಬೇಕೆಂದೇ ತಿಳಿಯದ ಮನುಷ್ಯ ಅವನು. ಕಟ್ಟು ಬಿದ್ದದ್ದೇ ಬೇರೆಯವನಾದ. ತುತ್ತು ಮಾಡಿ ಉಣಿಸಿದ. ಬೆಳಿಗ್ಗೆ ಹಿಂದೆ ಕುಳಿತು ತಲೆ ಬಾಚಿದ, ಸೊಟ್ಟ ಜಡೆ ಹಾಕಿದ.

"ಮೇಡಮ್ಮೋರ, ಅಲುಗಾಡಬ್ಯಾಡ್ರಿ. ನಿಮ್ಮ ಕಸ್ಟಮರ್ ಹಿಂಗ ಕುಣಿದ್ರ ಸುಮ್ನ ಬಿಡ್ತೀರೇನು?"

ನೋಡಲು ಬಂದ ಅವ್ವ ಬಾಗಿಲಲ್ಲೇ ನಿಂತು ನೋಡಿದಳು. ಅವನು ಅಂಗಡಿಗೆ ಹೋದ ಮೇಲೆ ಅಂದಳು: "ಪುಣ್ಯ ಮಾಡೀಯಲೇ. ನಿಮ್ಮಪ್ಪನೂ ನನ್ನ ಕೂದ್ಲ ಹಿಡೀತಿದ್ದ, ಬಾಚಾಕಲ್ಲ." ನಕ್ಕಳು. ನಾನೂ ನಕ್ಕೆ. ತನಗೆ ಸಿಗದದ್ದು ಮಗಳಿಗೆ ಸಿಕ್ಕಿತೆಂದು ನಂಬುವುದು ಅವಳಿಗೆ ಬೇಕಿತ್ತು. ಆ ನಂಬಿಕೆಗೆ ನನ್ನ ಮುರಿದ ಕೈ ಅಡ್ಡ ಬರಲಿಲ್ಲ.

ಕಟ್ಟು ಬಿಚ್ಚುವ ದಿನ ಕುರುಗೋಡಿಗೆ ಹೋದೆವು. ಮುದುಕರು ಮೂಳೆ ಒತ್ತಿ ನೋಡಿದರು. "ಕೂಡೈತಿ ತಾಯಿ. ಇನ್ನ ಕೈ ಆಡಸಬೇಕು, ಇಲ್ಲಾಂದ್ರ ಬಿಗೀತೈತಿ."

"ಇರ್ಲಿ, ಇನ್ನೊಂದು ಕಟ್ಟು ಹಾಕಿಬಿಡ್ರಿ."

ಇದೇ ಆ ಮಾತು. ಒಂದು ನೆನಪಿನಲ್ಲಿ ಅವನು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು, ಮುಖ ಪೆಚ್ಚಾಗಿ ಇದನ್ನು ಹೇಳುತ್ತಾನೆ. ಇನ್ನೊಂದರಲ್ಲಿ ಆ ಪೆಚ್ಚು ಮುಖ ನೋಡಿ ನಾನೇ ಹೇಳುತ್ತೇನೆ. ಎರಡರಲ್ಲೂ ಮುದುಕರು ಇಬ್ಬರನ್ನೂ ನೋಡಿ ಮೊಟ್ಟೆ ಒಡೆಯುತ್ತಾರೆ.

ಎರಡನೆಯ ಕಟ್ಟು ಬಿಚ್ಚಿದಾಗ ಮೊಣಕೈ ಅರ್ಧಕ್ಕೆ ನಿಂತಿತ್ತು. ಈಗಲೂ ಅಷ್ಟೇ. ಪೆನ್ನು ಹಿಡಿಯಬಹುದು, ಕೈಯನ್ನು ಇನ್ನೊಬ್ಬರ ತಲೆಯವರೆಗೆ ಎತ್ತಲಾಗದು. ಮದುವೆಗಳು ಬಂದು ಹೋದವು. ಪಾರ್ಲರಿನ ಕನ್ನಡಿ, ಕುರ್ಚಿ ಬೇರೆಯವರ ಪಾಲಾದವು. ಅವನು ಬಾಚಣಿಗೆ ಹಿಡಿದು ದಿನವೂ ಬರುತ್ತಲೇ ಇದ್ದ, ಅದೇ ಸೊಟ್ಟ ಜಡೆ, ಅದೇ ತಮಾಷೆ. ಸುಖವಾಗಿದ್ದ. ಒಂದು ಮಧ್ಯಾಹ್ನ ನಾನು ಹೋಗಿ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದೆ.

"ಯಾರನ್ನ ಕೇಳಿ ಕತ್ರಿಸಿಕೊಂಡಿ?"

"ನನ್ನ ಕೂದ್ಲ ಐತಿ. ನಿನಗೂ ಕೆಲ್ಸ ಕಮ್ಮಿ ಆತಲ್ಲ."

"ಕೆಲ್ಸ ಅಂತ ಯಾವತ್ತರ ಅಂದೀನೇನು?"

ಅವನು ನನ್ನ ಮೇಲೆ ಕೂಗಿದ್ದು ಅದೇ ಮೊದಲು. ಕೈ ಬಿಗಿದಾಗ ಕೂಗಿರಲಿಲ್ಲ, ಪಾರ್ಲರ್ ಹೋದಾಗಲೂ ಇಲ್ಲ. ಈಗ ಎದುರು ಮನೆಯ ಲಕ್ವ ಹೊಡೆದ ಯಜಮಾನರಿಗೆ ದಿನವೂ ಗಡ್ಡ ಮಾಡಿ ಬರುತ್ತಾನೆ. ಓಣಿಯೆಲ್ಲ ಹೊಗಳುತ್ತದೆ. ನಮ್ಮ ಮನೆಯಲ್ಲಿ ಟಿವಿ ಮಾತಾಡುತ್ತದೆ.

ಅವನಿಗೆ ಬೇಕಾಗಿದ್ದು ಏನೆಂದು ಬಲ್ಲೆ. ಅಷ್ಟು ಬರೆಯಲು ಕಷ್ಟವಿಲ್ಲ. ನನ್ನದೇ ತಿಳಿಯದು. ಕೈ ಬೇಕಿತ್ತೋ, ಬೆಳಿಗ್ಗೆ ಬೆನ್ನ ಹಿಂದೆ ಕೂರುವ ಆ ಇನ್ನೊಬ್ಬ ಮನುಷ್ಯ ಬೇಕಿತ್ತೋ. ಮುದುಕರು ಇನ್ನೂ ಇದ್ದಾರಂತೆ, ಕುರುಗೋಡಿಗೆ ಬಸ್ಸೂ ಇದೆ. ಹೋಗಿ ಕೇಳಿಲ್ಲ. ಇನ್ನೊಂದು ಕಟ್ಟು ಬೇಕೆಂದದ್ದು ಯಾರು ಎಂಬುದು ನನಗೆ ಗೊತ್ತಿಲ್ಲ.