ಲಕ್ಕಿಯ ಬೇರು ಕಿತ್ತ ವರ್ಷ

ಹನುಮನಹಳ್ಳಿಯ ಕೆಳಗೆ, ಹೊಳೆಯ ದಂಡೆಗೆ ತಾಗಿ ನಮ್ಮದೊಂದು ಭತ್ತದ ಗದ್ದೆಯಿದೆ. ಅದರ ಮಗ್ಗುಲಲ್ಲಿ ಮೀನು ಹಿಡಿದು, ಹರಿಗೋಲು ಹಾಕಿ ಬದುಕುವವರ ಎಂಟು ಮನೆಗಳಿದ್ದವು. ಮೊದಲ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಗಂಡ ತೀರಿಕೊಂಡಿದ್ದ. ರಕ್ತಸಂಬಂಧ ಇಲ್ಲದಿದ್ದರೂ ಆಕೆಯನ್ನು ನಾನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ನಮ್ಮ ಗದ್ದೆಯಿಂದ ಆಕೆಯ ಹಿತ್ತಲಿನವರೆಗೆ ದಂಡೆಯ ಉದ್ದಕ್ಕೂ ಲಕ್ಕಿ ಗಿಡಗಳು ಒತ್ತಾಗಿ ಬೆಳೆದಿದ್ದವು. ಗಂಡ ಹೆಂಡತಿ ಇಬ್ಬರೂ ಹರೆಯದಲ್ಲಿ ಕಡ್ಡಿ ಊರಿ ಬೆಳೆಸಿದ ಗಿಡಗಳವು. ಪಹಣಿಯಲ್ಲಿ ಮಾತ್ರ ಆ ಜಾಗ ನಮ್ಮದು.

ಅಂಜನಾದ್ರಿ ಬೆಟ್ಟಕ್ಕೆ ಬರುವ ಜನ ಹೆಚ್ಚಾದಂತೆ ನಾನು ಗದ್ದೆಯ ಮೂಲೆಯಲ್ಲಿ ತಗಡು ಹೊದಿಸಿ ಹೋಟೆಲ್ ಹಾಕಿದೆ. ಬಂದವರೆಲ್ಲ ಹೊಳೆ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲವಲ್ಲ ಎನ್ನುತ್ತಿದ್ದರು. ಗಿಡ ತೆಗೆಸುತ್ತೇನೆಂದು ದೊಡ್ಡವ್ವನಿಗೆ ಹೇಳಿದೆ. ಆಕೆ ಬೇಡ ಎನ್ನಲಿಲ್ಲ.

"ಮ್ಯಾಲಿಂದು ಎಷ್ಟರ ಕಡಕೋ ತಮ್ಮಾ. ಬೇರಿಗೆ ಮಾತ್ರ ಕೈ ಹಚ್ಚಬ್ಯಾಡ. ಈ ದಂಡಿ ನಿಂತಿದ್ದು ಅದರ ಮ್ಯಾಲೆ" ಎಂದಳು.

ಆಗಲಿ ಎಂದು ಮಾತು ಕೊಟ್ಟೆ. ಕಡಿಸಿದೆ. ಎರಡು ತಿಂಗಳಲ್ಲಿ ಮತ್ತೆ ಎದೆಮಟ್ಟ ಚಿಗುರಿತು. ಅಷ್ಟರಲ್ಲಿ ದೊಡ್ಡವ್ವ ಮೊಮ್ಮಗಳ ಬಾಣಂತನಕ್ಕೆಂದು ಕುಕನೂರಿಗೆ, ಮಗಳ ಮನೆಗೆ ಹೋದಳು. ಆಕೆ ಹೋದ ವಾರದಲ್ಲೇ ನಾನು ಜೆಸಿಬಿ ತರಿಸಿದೆ. ಆಕೆ ಊರಲ್ಲಿದ್ದಿದ್ದರೆ ತರಿಸುತ್ತಿರಲಿಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು. ಬೇರುಗಳು ಹಿಡಿದ ಮಣ್ಣನ್ನು ಬಿಡದೆ ಹೆಂಟೆ ಹೆಂಟೆಯಾಗಿ ಮೇಲೆ ಬಂದವು. ಸಂಜೆ ಅಲ್ಲಿ ಕುರ್ಚಿ ಹಾಕಿಸಿ ಹೊಳೆ ನೋಡುತ್ತ ಕೂತೆ. ಖುಷಿಯಾಗಿತ್ತು, ಸುಳ್ಳು ಹೇಳಲಾರೆ.

ದೊಡ್ಡವ್ವ ತಿರುಗಿ ಬಂದವಳು ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತಳು. ಅಡುಗೆಮನೆಯ ಗೋಡೆಯಿಂದ ದಂಡೆಯ ಅಂಚಿನವರೆಗೆ ಹೆಜ್ಜೆ ಎಣಿಸಿ ಒಳಗೆ ಹೋದಳು. ದಿನವೂ ನನ್ನ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದವಳು ಅಂದಿನಿಂದ ಬರಲಿಲ್ಲ.

ಮೊದಲು ಹೊಳೆ ದಿನಕ್ಕಿಷ್ಟು ಏರುತ್ತಿತ್ತಂತೆ, ಸಾಮಾನು ಎತ್ತಿಡಲು ಹೊತ್ತು ಸಿಗುತ್ತಿತ್ತಂತೆ. ಈಗೀಗ ಮೇಲಿನ ಸೀಮೆಯಲ್ಲಿ ತಿಂಗಳ ಮಳೆ ಎರಡೇ ದಿನಕ್ಕೆ ಸುರಿಯುತ್ತದೆ, ಆಣೆಕಟ್ಟು ತುಂಬುತ್ತದೆ, ಬಿಟ್ಟ ನೀರು ಅರ್ಧ ದಿನದಲ್ಲಿ ಹೊಸ್ತಿಲಿಗೆ ಬರುತ್ತದೆ. ಆ ವರ್ಷವೂ ಹಾಗೇ ಬಂತು. ಎಂಟು ಮನೆಯವರೂ ಮೂರು ದಿನ ಸಾಲೆಯಲ್ಲಿದ್ದರು. ನಾಲ್ಕನೆಯ ದಿನ ನೀರು ಇಳಿಯಿತು, ಎಲ್ಲರೂ ಮನೆ ತೊಳೆಯಲು ಬಂದರು. ಅಪಾಯ ಕಳೆಯಿತೆಂದುಕೊಂಡೆವು. ಆದರೆ ನೆನೆದು ಭಾರವಾಗಿದ್ದ ದಂಡೆ ಮಧ್ಯಾಹ್ನ ಬಿಸಿಲಿನಲ್ಲಿ ಜಾರಿತು. ಮೊದಲು ದೊಡ್ಡವ್ವನ ಹಿತ್ತಲಲ್ಲಿ ಉದ್ದ ಬಿರುಕು ಕಾಣಿಸಿತು. ಕೂಗಿ ಆಕೆಯನ್ನು ಹೊರಗೆ ಕರೆದೆವು. ಆಕೆ ನನ್ನ ಪಕ್ಕಕ್ಕೆ ಬಂದು ನಿಲ್ಲುವಷ್ಟರಲ್ಲಿ ಅಡುಗೆಮನೆ ಕೆಳಗಿಳಿಯಿತು, ಹಿಂದೆಯೇ ಪಡಸಾಲೆ.

"ಒಲಿ ಹೋತು" ಎಂದಳು.

ಎರಡು ದಿನ ಬಿಟ್ಟು ಕಂದಾಯದವರು ಹಾನಿ ಬರೆದುಕೊಳ್ಳಲು ಬಂದರು. ಕಾರಣ ಕೇಳಿದ್ದಕ್ಕೆ ಎಲ್ಲರೂ ಮಹಾಪೂರ ಎಂದರು. ಬಂದವರಲ್ಲಿ ಒಬ್ಬರು ನನ್ನತ್ತ ತಿರುಗಿ, "ಮೊದ್ಲ ಇಲ್ಲಿ ದಂಡಿ ಗಟ್ಟಿ ಇತ್ತೇನ್ರಿ?" ಎಂದು ಕೇಳಿದರು.

"ಅಷ್ಟು ನೀರು ಬಂದ್ರ ಯಾವ ದಂಡಿ ಗಟ್ಟಿ ಇರ್ತೈತ್ರಿ" ಎಂದೆ.

ದೊಡ್ಡವ್ವ ಎರಡು ಮಾರು ದೂರದಲ್ಲಿ ಬಲೆ ಒಣಗಿಸುತ್ತಿದ್ದಳು. ಕೇಳಿಸಿತ್ತು. ಮರುದಿನ ಮಗಳು ಬಂದು ಆಕೆಯನ್ನು ಕುಕನೂರಿಗೆ ಕರೆದೊಯ್ದಳು.

ನಾನು ಅಲ್ಲಿಗೆ ಹೋಗಲು ಒಂದು ವರ್ಷ ಬೇಕಾಯಿತು. ಸುತ್ತ ಎರೆಹೊಲ, ಕಣ್ಣು ಹಾಯುವವರೆಗೆ ನೀರೇ ಇಲ್ಲದ ಸೀಮೆ. ಆಕೆ ಜಗುಲಿಯ ಮೇಲೆ ಕೂತು ಕಡ್ಲೆ ಹಸನು ಮಾಡುತ್ತಿದ್ದಳು. ರೊಟ್ಟಿ ಹಾಕಿಸಿದಳು. ಉಂಡು ಕೈ ತೊಳೆದ ಮೇಲೆ ಹೇಳಿದೆ: ಬೇರು ಕೀಳಿಸಿದ್ದು ನಾನು, ಅದು ತಪ್ಪೆಂದು ಗೊತ್ತಿದ್ದೇ ಕೀಳಿಸಿದೆ, ಕೇಳಿದವರ ಮುಂದೆ ಮುಚ್ಚಿಟ್ಟೆ.

"ಅವತ್ತ ಅವರ ಮುಂದ ಹೇಳ್ತಿ ಅಂತ ಮಾಡಿದ್ದೆ" ಎಂದಳು. "ನಂದು ಹೋತು ಬಿಡು ತಮ್ಮಾ. ಇನ್ನೂ ಏಳು ಮನಿ ಅದಾವು. ಅವರಿಗೇನ್ ಮಾಡಿದಿ?"

ನಾನು ಏನೂ ಮಾಡಿರಲಿಲ್ಲ. ವಾಪಸು ಬರುತ್ತೀಯಾ, ನನ್ನ ಜಾಗದಲ್ಲೇ ಮನೆ ಕಟ್ಟಿಸಿಕೊಡುತ್ತೇನೆ ಎಂದೆ. ಹೊಳೆಯನ್ನು ನೆನೆದರೆ ಈಗ ಅಂಜಿಕೆ ಬರುತ್ತದೆ ಎಂದು ಆಕೆ ಕಡ್ಲೆಯ ಮೊರ ಎತ್ತಿಕೊಂಡಳು.

ಬಂದ ಮೇಲೆ ದಂಡೆಯಿಂದ ಇಪ್ಪತ್ತು ಹೆಜ್ಜೆ ಗದ್ದೆ ಬಿಟ್ಟೆ. ಹೋಟೆಲನ್ನು ರಸ್ತೆಯ ಕಡೆಗೆ ಸರಿಸಿದೆ. ಏಳು ಮನೆಯವರೂ ಬಂದು ನನ್ನ ಜೊತೆ ಲಕ್ಕಿ ಕಡ್ಡಿ ಊರಿದರು, ಇಳಿಜಾರಿಗೆ ಕಲ್ಲು ಜೋಡಿಸಿದರು. ಮೊದಲ ವರ್ಷದ್ದೆಲ್ಲ ನೀರು ಒಯ್ದಿತು. ಮರುವರ್ಷ ಅರ್ಧದಷ್ಟು ಹಿಡಿಯಿತು. ಆದರೂ ಎರಡು ಮನೆಯವರು ಮಕ್ಕಳು ಸಣ್ಣವರೆಂದು ಹೆದರಿ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋದರು. ಈಗ ಅಲ್ಲಿ ಕೈಮಗ್ಗದ ಕೆಲಸಕ್ಕೆ ಹೋಗುತ್ತಾರಂತೆ. ಹೊರಡುವ ದಿನ ಅವರಲ್ಲೊಬ್ಬ, ನೀವು ಗದ್ದೆ ಬಿಟ್ಟುಕೊಟ್ಟು ಭಾಳ ಉಪಕಾರ ಮಾಡಿದಿರಿ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಟೆಂಪೊದಲ್ಲಿ ಹರಿಗೋಲು ಹಿಡಿಸಲಿಲ್ಲ, ನನಗೇ ಕೊಟ್ಟುಹೋದ. ದಂಡೆ ನಿಂತದ್ದು ಆ ಬೇರಿನ ಮೇಲೆಂದು ಗೊತ್ತಿದ್ದೇ ಕೀಳಿಸಿದೆ ಎಂಬ ನಿಜವನ್ನು ಅವನಿಗೆ ಹೇಳಬೇಕೆಂದು ಎರಡು ಸಲ ಕೊಪ್ಪಳದ ಬಸ್ಸು ಹತ್ತಿದ್ದೇನೆ. ಎರಡೂ ಸಲ ದಾರಿಯಲ್ಲಿ ಗಂಗಾವತಿಯಲ್ಲೇ ಇಳಿದು ವಾಪಸು ಬಂದೆ.