ಹಸೆಮಣೆಯ ನುಣುಪು

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಮರದ ನುಣುಪನ್ನು ಕೆನ್ನೆಯಿಂದ ನೋಡುತ್ತಿದ್ದರು. ಮಗಳ ಮದುವೆಗೆ ಹಲಸಿನ ಹಸೆಮಣೆಯನ್ನು ತಾವೇ ಮಾಡುವ ಹಟ ಹಿಡಿದು, ಅಂಗಡಿಯಲ್ಲಿ ಮರ ಉಜ್ಜುವ ಎರಡು ಬಗೆಯ ಸ್ಯಾಂಡಿಂಗ್ ಮಿಷನ್ ನೋಡಿದರು, ಒಂದು ಉಪ್ಪುಕಾಗದದ ಪಟ್ಟಿ ಓಡುವುದು, ಇನ್ನೊಂದು ದುಂಡು ಬಿಲ್ಲೆ ತಿರುಗುವುದು. "ಪಟ್ಟಿದು ಮರ ತಿಂತದೆ, ದುಂಡಂದು ಸವರ್ತದೆ ಕಣ್ರೀ" ಎಂದು ದುಂಡನೆಯದನ್ನು ತಂದರು. ಒಂದು ತಿಂಗಳು ಉಜ್ಜಿದರೆಂದು ನೆನಪು. ಒಂದೇ ವಾರವೂ ಇರಬಹುದು. ದಿನವೂ ಮಣೆಗೆ ಕೆನ್ನೆಯಿಟ್ಟು, "ಇನ್ನೊಂದ್ ಕೈ ಆಗ್ಲಿ" ಎನ್ನುತ್ತಿದ್ದರು.

ಮದುವೆಯ ದಿನ ರೇಷ್ಮೆ ಪಂಚೆಯುಟ್ಟ ಅಳಿಯ ಮಣೆಯ ಮೇಲೆ ಕೂತ, ಜಾರಿ ನೆಲಕ್ಕೆ ಬಂದ. ಮತ್ತೆ ಕೂತ, ಮತ್ತೆ ಬಂದ.

"ಮಾವ, ಹಿಡ್ಕೊಳ್ಳಾಕೆ ಏನಾರ ಐತಾ?" ಎಂದ.

"ಮುಹೂರ್ತ ಮೀರ್ತದೆ, ಒಂದು ಗೋಣಿಚೀಲ ಹಾಸ್ರೀ" ಎಂದರು ಐನೋರು.

ಆ ಮಣೆಯ ಮೇಲೆ ಗೋಣಿಚೀಲ! ನಮ್ಮ ನೆರೆಯವರು ಜೇಬಿನಿಂದ ಒರಟು ಉಪ್ಪುಕಾಗದ ತೆಗೆದು, ಕಣ್ಣು ಮುಚ್ಚಿಕೊಂಡು, ತಾವೇ ತಂದ ನುಣುಪನ್ನು ಗರಗರ ಉಜ್ಜಿ ಕೆಡಿಸಿದರು. ಅಳಿಯ ಗಟ್ಟಿಯಾಗಿ ಕೂತ.

ಧಾರೆಯಾದ ಮೇಲೆ ಅವರು ಬಗ್ಗಿ ಮಗಳ ತಲೆ ಸವರಿದರು ಎನ್ನುತ್ತಾಳೆ ನನ್ನ ಹೆಂಡತಿ. ನಾನು ಕಂಡಂತೆ ಆ ಕೈ ಮಣೆಯ ಮೇಲಿತ್ತು. "ಇನ್ನೊಂದ್ ಕೈ" ಎಂದದ್ದು ಮಾತ್ರ ನಮ್ಮಿಬ್ಬರಿಗೂ ಕೇಳಿಸಿದೆ.