ಮಂಚಮ್ಮ ಕಲಿಸಿದ ಅಹವಾಲು

ತಾಳವಾಡಿಯ ಔಷಧಾಲಯದಲ್ಲಿ ಆಯಾ ಆಗಿದ್ದ ಮಂಚಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಮದರಾಸಿನ ಡಾಕ್ಟರುಗಳಿಗೆ ಪಾಠ ಹೇಳಿದವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ.

ಐವತ್ತೇಳರ ಬೇಸಗೆಯಲ್ಲಿ ಮಕ್ಕಳ ವೈದ್ಯ ಕಲಿಯುತ್ತಿದ್ದ ಆರು ಮಂದಿ ಎಳೆಯ ಡಾಕ್ಟರುಗಳನ್ನು ಕಟ್ಟಿಕೊಂಡು ಒಬ್ಬ ಪ್ರೊಫೆಸರು ಹತ್ತು ದಿನದ ಶಿಬಿರಕ್ಕೆ ಬಂದರು. ಮದ್ದು ಕೊಟ್ಟರೆ ಸಾಲದು, ಬಾಯಿಲ್ಲದ ಮಗುವಿನ ಪರವಾಗಿ ಅಧಿಕಾರಿಗಳ ಮುಂದೆ ಮಾತಾಡುವುದನ್ನೂ ವೈದ್ಯ ಕಲಿಯಬೇಕು ಎಂಬುದು ಅವರ ಸಿದ್ಧಾಂತ. ಒಳ್ಳೆಯ ಸಿದ್ಧಾಂತವೇ. ಅದನ್ನು ವಿವರಿಸಲು ಅವರಿಗೆ ದಿನಕ್ಕೆ ನಾಲ್ಕು ಗಂಟೆ ಬೇಕಾಗುತ್ತಿತ್ತು; ಅಷ್ಟರಲ್ಲಿ ಹೊರಗೆ ಕಾದಿದ್ದ ಮಕ್ಕಳು ಅತ್ತು ಸುಸ್ತಾಗಿ ಮಲಗಿಬಿಡುತ್ತಿದ್ದವು.

ಅಭ್ಯಾಸಕ್ಕೆ ಯಾವ ಬೇಡಿಕೆ ಇಟ್ಟುಕೊಳ್ಳುವುದು ಎಂಬ ಚರ್ಚೆ ಎದ್ದಾಗ, ನೆಲ ಒರೆಸುತ್ತಿದ್ದ ಮಂಚಮ್ಮ ತಲೆಯೆತ್ತಿದಳು.

“ಕಾಯ್ಲೆ ಮಗೀನ ಬಸ್ಸಲ್ಲಿ ಅತ್ತುಸ್ಕಬೇಕು ಬುದ್ದಿ. ಅಷ್ಟೇಯ. ಇನ್ನೇನೂ ಕೇಳ್ಬ್ಯಾಡಿ.”

ಔಷಧಾಲಯದಲ್ಲಿದ್ದವನು ಕಾಂಪೌಂಡರ್ ಮಾತ್ರ. ಡಾಕ್ಟರ ಮುಖ ಕಾಣಬೇಕಾದರೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೇ ಹೋಗಬೇಕು. ಬಸ್ಸಿನವರಿಗೋ ಕಾಯಿಲೆ ಮಗುವೆಂದರೆ ಭಯ: ದಾರಿಯಲ್ಲಿ ಜೀವ ಹೋದರೆ ಪೊಲೀಸು, ಮೈಲಿಗೆ, ಬಸ್ಸು ನಿಲ್ಲಬೇಕು. ಅದಕ್ಕೇ ತಾಯಂದಿರು ಮಗುವಿನ ಮುಖಕ್ಕೆ ಸೆರಗು ಹೊದಿಸಿ, ನಿದ್ದೆ ಮಾಡುತ್ತಿದೆ ಎಂದು ಸುಳ್ಳು ಹೇಳುತ್ತಿದ್ದರು. ಕಂಡಕ್ಟರ್ ಮಾದೇವನಿಗೂ ಗೊತ್ತು. ಮನಸ್ಸು ನೆಟ್ಟಗಿದ್ದ ದಿನ ಆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದ.

ಪ್ರೊಫೆಸರು ಮಂಚಮ್ಮನನ್ನೇ ಕುರ್ಚಿಯಲ್ಲಿ ಕೂರಿಸಿ ಅಧಿಕಾರಿಯ ಪಾತ್ರ ಕೊಟ್ಟರು. ಶಿಷ್ಯರಲ್ಲಿ ಚುರುಕಾದವನು ಕೊಳ್ಳೇಗಾಲದ ಕಡೆಯ ಶಿವಮಲ್ಲಪ್ಪ. ಅವನು ಎದೆಯುಬ್ಬಿಸಿ ಅಂಕಿಅಂಶ ಶುರುಮಾಡಿದ. ಮಂಚಮ್ಮ ತಲೆಯೆತ್ತದೆ ಎಲೆಗೆ ಸುಣ್ಣ ಸವರಿ, “ನಾಳಿಕ್ ಬಾ” ಎಂದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. “ನೂರಕ್ಕಿಷ್ಟು ಸತ್ವು ಅಂದ್ರೆ ಅವುರ್ಗೆ ನಿದ್ದೆ ಬತ್ತದೆ ಕಣಪ್ಪ. ಒಂದ್ ಮಗೀನ ಎಸ್ರು ಯೋಳು. ಆಮ್ಯಾಕೆ ಬಾಯ್ ಮುಚ್ಕೊಂಡು ನಿಂತ್ಕೊ.”

ಎಂಟನೆಯ ದಿನ ದೊಡ್ಡ ಅಧಿಕಾರಿಯೊಬ್ಬರು ಕ್ಯಾಂಪಿಗೆ ಬಂದರು. ಶಿವಮಲ್ಲಪ್ಪ ಬಸ್ಸು ಹತ್ತಿಸಿಕೊಳ್ಳದೆ ಸತ್ತ ಮಗುವೊಂದರ ಹೆಸರು ಹೇಳಿ ಸುಮ್ಮನೆ ನಿಂತ. ಅಧಿಕಾರಿ ಕನ್ನಡಕ ತೆಗೆದರು. ಮುಂದಿನದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಬಾಗಿಲಲ್ಲಿದ್ದ ಮಂಚಮ್ಮನಿಗೆ ಕಂಡದ್ದಿಷ್ಟು: ಅಧಿಕಾರಿ ಏನೋ ಕೇಳಿದರು, ಹುಡುಗ ತಡವರಿಸದೆ ಉತ್ತರ ಕೊಟ್ಟ, ಅವರು ತಲೆದೂಗಿದರು. ಸಂಜೆ ಅವಳು ಶಿವಮಲ್ಲಪ್ಪನ ಕೆನ್ನೆ ಸವರಿ ನೆಟಿಕೆ ಮುರಿದಳು.

ಮೂರು ತಿಂಗಳಲ್ಲಿ ಹುಕುಂ ಬಂತು. ಕಾಯಿಲೆ ಮಕ್ಕಳನ್ನು ಬಸ್ಸಿನಲ್ಲಿ ಕಡ್ಡಾಯವಾಗಿ ಹತ್ತಿಸಿಕೊಳ್ಳತಕ್ಕದ್ದು. ಆದರೆ ಅಂಟುರೋಗವಲ್ಲವೆಂದು ಡಾಕ್ಟರ ಸರ್ಟಿಫಿಕೇಟು ಇರತಕ್ಕದ್ದು. ಕಂಡಕ್ಟರು ಪ್ರತಿ ಮಗುವನ್ನೂ ಪರೀಕ್ಷಿಸತಕ್ಕದ್ದು. ಡ್ರೈವರನ ಬೆನ್ನ ಹಿಂದೆ ಅದನ್ನು ಅಂಟಿಸಿದರು.

ಕಾರ್ತೀಕದಲ್ಲಿ ಮಂಚಮ್ಮನ ಮಗಳು ಪುಟ್ಟನಂಜಮ್ಮನ ಎರಡು ವರ್ಷದ ಕೂಸಿಗೆ ಗಂಟಲು ಕಟ್ಟಿ ಉಸಿರು ಎಳೆಯತೊಡಗಿತು. ತಾಯಿ ಮಗಳಿಬ್ಬರೂ ಬಸ್ಸಿಗೆ ಓಡಿದರು. ಮಾದೇವ ಸೆರಗು ಸರಿಸಿ ನೋಡಿದ.

“ಅಕ್ಕ, ಚೀಟಿ?”

“ಚೀಟಿ ಕೊಡೋ ಡಾಕ್ಟ್ರು ಸತ್ಯಮಂಗಲದಲ್ಲವ್ನೆ. ಅಲ್ಲಿಗೋಗಕೇ ಕಣ್ಲಾ ನಿನ್ ಬಸ್ಸು!”

“ಮುಂಚೇಲಿ ಅಂಗೇ ಬುಟ್ಬುಡ್ತಿದ್ದೆ ಕಣಕ್ಕ. ಈಗ ನೋಡ್ಲೇಬೇಕು ಅಂತ ಬರ್ದವ್ರೆ. ನನ್ ಕೆಲ್ಸ ಓಯ್ತದೆ.” ಅವನ ಕಣ್ಣಲ್ಲೂ ನೀರಿತ್ತು. ನೀರಿಟ್ಟುಕೊಂಡೇ ಸೀಟಿ ಊದಿದ.

ಗಾಡಿ ಕಟ್ಟಿಸಿಕೊಂಡು ಹೊರಟರು. ದಿಂಬಂ ಮುಟ್ಟುವ ಮೊದಲೇ ಕೂಸು ತಣ್ಣಗಾಗಿತ್ತು. ಆ ಹುಕುಂ ಬರೆದ ಅಧಿಕಾರಿಗೆ ಮಂಚಮ್ಮ ದಿನವೂ ಹಿಡಿಶಾಪ ಹಾಕುತ್ತಿದ್ದಳು.

ಮರುವರ್ಷ ಪ್ರೊಫೆಸರು ಹೊಸ ಶಿಷ್ಯರೊಡನೆ ಬಂದರು. ಶಿವಮಲ್ಲಪ್ಪನ ಅಹವಾಲು ಈಗ ಅವರ ಕಾಲೇಜಿನಲ್ಲಿ ಮಾದರಿ ಪಾಠವಂತೆ, ಅಚ್ಚಾಗಿತ್ತು. ಮಂಚಮ್ಮನ ಎದುರು ಅದನ್ನು ಹೆಮ್ಮೆಯಿಂದ ಕನ್ನಡಿಸಿ ಓದಿದರು. ‘ಅಂಟುರೋಗವಿದ್ದರೆ?’ ಎಂದು ಅಧಿಕಾರಿ ಕೇಳಿದ ಕಡೆ ನಿಲ್ಲಿಸಿ, “ಇಲ್ಲಿ ನೋಡಿ ಅವನ ಸಮಯಸ್ಫೂರ್ತಿ! ‘ವೈದ್ಯರ ಸರ್ಟಿಫಿಕೇಟು ಕಡ್ಡಾಯ ಮಾಡಿ’ ಅಂದ. ನಮ್ಮ ವೃತ್ತಿಯ ಘನತೆಯೂ ಉಳಿಯಿತು,” ಎಂದರು.

“ಚೀಟಿ ಕೇಳುದ್ದು ನಮ್ ಉಡ್ಗನಾ?” ಎಂದಳು ಮಂಚಮ್ಮ.

“ಅವನೇ!”

ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು. “ಆ ಡಾಕ್ಟ್ರುಗೆ ಮಕ್ಳಾಗವಾ?”

“ಹೋದ ತಿಂಗಳು ಹೆಣ್ಣು ಮಗು.”

“ಚೆಂದಾಗಿರ್ಲಿ,” ಎಂದು ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು. ಶಿಬಿರ ಮುಗಿಯುವವರೆಗೆ ಪಾಠದ ಕೋಣೆಗೆ ಕಾಲಿಡಲಿಲ್ಲ.

ಸ್ಥಳೀಯರ ಸಹಕಾರ ಈ ವರ್ಷ ತೃಪ್ತಿಕರವಾಗಿರಲಿಲ್ಲವೆಂದು ಪ್ರೊಫೆಸರು ವರದಿಯಲ್ಲಿ ಬರೆದರು.